ಹಾಂಗ್‌ಕಾಂಗಿನ ಎರಡು ವರ್ಷ

೧೮ ನವೆಂಬರ್ ೧೯೭೬, ಗುರುವಾರ

ಬೆಳಿಗ್ಗೆ ಪೀಕಿಂಗ್ ರೇಡಿಯೋ ಸರಿಯಾಗಿ ಹಿಡಿಯಲಿಲ್ಲ. ಬರೀ ಗೊರಗೊರ. ಅರ್ಧ ಬುಲೆಟಿನ್ ಹೋಯಿತು. ಉಳಿದರ್ಧದಲ್ಲಿ ಗೋಧಿ ಬೆಳೆ, ಯಾವುದೋ ಉಕ್ಕಿನ ಕಾರ್ಖಾನೆ. ಸಾಬವ್ವ ಪಾತ್ರೆ ತಿಕ್ಕುತ್ತ ಕೇಳಿದಳು, "ಅಕ್ಕೋರ, ಇವ್ರು ಬೈಲಿಕತ್ತಾರೋ, ಹಾಡ್ಲಿಕತ್ತಾರೋ?" ಹದಿನಾಲ್ಕು ವರ್ಷದಿಂದ ಚೀನೀ ಓದುತ್ತಿದ್ದೇನೆ. ಕೆಲವು ದಿನ ನನಗೂ ಅದೇ ಅನುಮಾನ.

ಲೋಕಲ್ ಗಾಡಿ ಕಲ್ಯಾಣದಿಂದಲೇ ತುಂಬಿ ಬಂತು. ಡೊಂಬಿವಿಲಿಯಲ್ಲಿ ಹತ್ತಿದವರಿಗೆ ಸೀಟು ಎಂಬುದು ಕೇಳಿ ಗೊತ್ತು ಅಷ್ಟೆ. ಥಾಣೆವರೆಗೆ ಯಾರದೋ ಟಿಫಿನ್ ಡಬ್ಬಿ ಪಕ್ಕೆಗೆ ಒತ್ತುತ್ತಿತ್ತು.

ನಮ್ಮ ಅಧ್ಯಯನ ಸಂಸ್ಥೆಗೆ ಚೀನಾದ ಸಚಿತ್ರ ಪತ್ರಿಕೆ ಬಂದಿದೆ. ಸೆಪ್ಟೆಂಬರಿನಲ್ಲಿ ತೀರಿಕೊಂಡ ಅವರ ಚೇರ್ಮನ್ನರ ಶ್ರದ್ಧಾಂಜಲಿಯ ಫೋಟೋ. ದೊಡ್ಡವರೆಲ್ಲ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದಾರೆ. ಸಾಲಿನ ಮಧ್ಯೆ ಖಾಲಿ ಜಾಗ. ಕಳೆದ ತಿಂಗಳು ಬಂಧಿಸಿದ ನಾಲ್ಕು ಜನರನ್ನು ಅಳಿಸಿದ್ದಾರೆ — ಅದೂ ಅವಸರದಲ್ಲಿ. ಪಕ್ಕದವರನ್ನು ಹತ್ತಿರ ಸರಿಸುವ ತೊಂದರೆಯನ್ನೂ ತೆಗೆದುಕೊಂಡಿಲ್ಲ. ಮುಚ್ಚಿಡುವವರು ಇಷ್ಟು ಸೋಮಾರಿಗಳಾದರೆ ನನ್ನಂಥವರ ಹೊಟ್ಟೆ ತುಂಬುತ್ತದೆ.

ಎರಡು ಪುಟದ ನೋಟ್ ಬರೆದೆ. ನಮ್ಮ ಡೈರೆಕ್ಟರ್ ಗುಪ್ತೆ ಸರ್ ಅದನ್ನು ದಿಲ್ಲಿಗೆ ಕಳಿಸುತ್ತಾರೆ. ಕೆಳಗೆ ನನ್ನ ಹೆಸರು ಇರುವುದಿಲ್ಲ, ಸಂಸ್ಥೆಯ ಹೆಸರು. ಪದ್ಧತಿ ಹಾಗೆ. ಓದುತ್ತಾರೋ, ಅದರ ಮೇಲೆ ಚಹಾ ಕಪ್ ಇಡುತ್ತಾರೋ, ನಮಗೆ ಯಾವತ್ತೂ ತಿಳಿಯುವುದಿಲ್ಲ.

೯ ಜೂನ್ ೧೯೭೮, ಶುಕ್ರವಾರ

ಗುಪ್ತೆ ಸರ್ ಬಾಗಿಲು ಹಾಕಿ ಕೂತು ಮಾತಾಡಿದರು. ಅವರು ಬಾಗಿಲು ಹಾಕುವುದು ನಿದ್ದೆಗೆ ಮಾತ್ರ, ಹಾಗಾಗಿ ಗಾಬರಿಯಾಯಿತು. ದಿಲ್ಲಿಯಲ್ಲಿ ಚೀನಾದ ಕೆಲಸಕ್ಕೆ ಒಬ್ಬ ಅಡ್ವೈಸರ್ ಬೇಕಂತೆ. ಎರಡು ವರ್ಷಕ್ಕೆ. ಹಳೆಯ ನೋಟುಗಳನ್ನು ಯಾರು ಬರೆದದ್ದು ಅಂತ ವಿಚಾರಿಸಿದ್ದಾರೆ.

"ನಿಮ್ಮ ಹೆಸರು ಕೊಟ್ಟಿದ್ದೇನೆ ಮ್ಯಾಡಮ್. ಫಾರ್ಮ್ ತುಂಬಿ. ಪೊಲೀಸ್ ವೆರಿಫಿಕೇಶನ್ ಆಗುತ್ತೆ, ಅದು ಎಲ್ಲರಿಗೂ ಆಗುವಂಥದ್ದು."

ಬೇಕು. ತುಂಬಾ ಬೇಕು. ಇಲ್ಲಿ ಎರಡು ವಾರ ಹಳೆಯ ಪೇಪರು ಓದಿ ಊಹೆ ಮಾಡುತ್ತೇನೆ. ಊಹೆ ಸರಿಯಾಯಿತೋ ಇಲ್ಲವೋ ಗೊತ್ತಾಗುವುದೂ ಪೇಪರಿನಿಂದಲೇ. ಅಲ್ಲಿ ರಾಯಭಾರ ಕಚೇರಿಯ ತಂತಿಗಳು ಟೇಬಲ್ ಮೇಲೆ ಬರುತ್ತವೆ. ಮೂವತ್ತೆಂಟು ನನಗೆ. ಒಮ್ಮೆಯಾದರೂ ಬಾಗಿಲ ಒಳಗಿನಿಂದ ನೋಡಬೇಕು.

ಫಾರ್ಮಿನಲ್ಲಿ ವಿದೇಶವಾಸ ಅಂತ ಒಂದು ಕಾಲಂ. ಹಾಂಗ್‌ಕಾಂಗ್, ೧೯೬೬ರಿಂದ ೬೮. ಭಾಷೆ ಕಲಿಯಲು, ಸ್ಕಾಲರ್‌ಶಿಪ್. ಬರೆದೆ. ಪಾಸ್‌ಪೋರ್ಟ್ ಕೂಡ ಕೊಟ್ಟೆ.

ಅಮ್ಮನಿಗೆ ದಿಲ್ಲಿ ಅಂದೆ. "ಚಳಿ ಜಾಸ್ತಿಯಂತೆ ಅಲ್ಲಿ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಟ್ರಂಕಿನಿಂದ ಅಪ್ಪನ ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದಳು. ತಾನೂ ಬರುತ್ತಾಳೆ ಅಂತ ಅರ್ಥ.

೨ ಜುಲೈ, ಭಾನುವಾರ

ಎದುರುಮನೆ ಉಮಾವತಿ ಮುಖದ ತುಂಬ ನಗು ಇಟ್ಟುಕೊಂಡು ಬಂದಳು.

"ಸತ್ಯಕ್ಕ, ಶುಕ್ರವಾರ ನಿಮ್ಮನ್ನು ವಿಚಾರಿಸಿಕೊಂಡು ಒಬ್ರು ಬಂದಿದ್ರು!"

ಪ್ಯಾಂಟು, ಇಸ್ತ್ರಿ ಶರ್ಟು, ಕೈಯಲ್ಲಿ ರೆಕ್ಸಿನ್ ಬ್ಯಾಗು. ಹಿಂದಿಯಲ್ಲಿ ಮಾತು. ಹುಡುಗಿ ಹೇಗೆ, ಎಷ್ಟು ಹೊತ್ತಿಗೆ ಬರ್ತಾಳೆ, ಮನೆಗೆ ಯಾರು ಯಾರು ಬರ್ತಾರೆ, ಹಿಂದೆ ಎಲ್ಲೆಲ್ಲಿ ಇದ್ದಳು. ಯಾರ ಕಡೆಯವನು ಅಂತ ಹೇಳಲಿಲ್ಲ. ನಮ್ಮವರಲ್ಲಿ ಅದೇ ಕ್ರಮ. ಸಂಬಂಧ ವಿಚಾರಿಸುವಾಗ ಗಂಡಿನ ಕಡೆಯವರು ಮೊದಲು ತಾವು ಬರುವುದಿಲ್ಲ, ಆಫೀಸಿನ ಗೆಳೆಯನೊಬ್ಬನನ್ನು ಕಳಿಸುತ್ತಾರೆ — ಬೇರೆ ಜನದವನು, ಯಾರಿಗೂ ಗುರುತಿಲ್ಲದವನು. ಒಪ್ಪಿಗೆಯಾಗದಿದ್ದರೆ ಯಾರಿಗೂ ಮುಖ ಕೆಡುವುದಿಲ್ಲ. ತಂಗಿ ಜಯಲತಾಳ ಮದುವೆಗೂ ಮೊದಲು ಬಂದವನು ಒಬ್ಬ ಮರಾಠಿ ಟೈಪಿಸ್ಟ್.

"ಎರಡನೇ ಸಂಬಂಧವೇ ಇರಬೇಕು" ಅಂದಳು ಉಮಾವತಿ. "ಈ ವಯಸ್ಸಿಗೆ ಮತ್ತೆಂತ ಬರ್ತದೆ, ತಪ್ಪು ತಿಳಿಬೇಡಿ. ನಾನು ಹಿಂದಿಯಲ್ಲಿ ಎಲ್ಲ ಚೆನ್ನಾಗಿ ಹೇಳಿದ್ದೇನೆ. ನಿಮ್ಮಮ್ಮ ತುಳುವಿನಲ್ಲಿ ಹೇಳಿದ್ದಕ್ಕೆ ನಾನು ಒಗ್ಗರಣೆ ಹಾಕಿದೆ."

ಏನೇನು ಹೇಳಿದ್ದು? ಸತ್ಯಭಾಮಾ ತುಂಬಾ ಸಾಧು. ಆಫೀಸು ಬಿಟ್ಟರೆ ಮನೆ. ಗೆಳೆಯರು ಇಲ್ಲ. ರಾಜಕೀಯ ಅಂದರೆ ಏನಂತ ತಿಳಿಯದು. ಸ್ವಂತ ಅಭಿಪ್ರಾಯ ಅಂತ ಏನೂ ಇಲ್ಲ. ನಿಶ್ಚಿತಾರ್ಥವಾದ ಮರುದಿನ ಕೆಲಸ ಬಿಡುತ್ತಾಳೆ. ಎಲ್ಲಿಗೂ ಹೋದವಳಲ್ಲ. ನಡುವೆ ಎರಡು ವರ್ಷ ಊರಿನಲ್ಲಿ ಅಜ್ಜಿಯ ಚಾಕರಿ ಮಾಡಿಕೊಂಡಿದ್ದಳು.

ಸಾಬವ್ವ ಅಲ್ಲೇ ಇದ್ದಳಂತೆ. "ಅಕ್ಕೋರು ದಿನಾ ಮುಂಜಾನಿ ಚೀನಾ ರೇಡಿಯೋ ಕೇಳ್ತಾರ್ರೀ" ಅಂತ ತನ್ನದೂ ಒಂದು ಸೇರಿಸಿದಳಂತೆ. ಉಮಾವತಿ ಅವಳ ಬಾಯಿ ಮುಚ್ಚಿಸಿ, ಮನೆಯಲ್ಲಿ ರೇಡಿಯೋನೇ ಇಲ್ಲ ಅಂದುಬಿಟ್ಟಳು. ರೇಡಿಯೋ ಅವನ ಬೆನ್ನಿಗೇ ಇತ್ತು. ಅದರ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ.

ಅಮ್ಮ ಅವನಿಗೆ ಅವಲಕ್ಕಿ, ಚಹಾ ಕೊಟ್ಟಿದ್ದಾಳೆ.

ಸಿಟ್ಟು ಬಂತು. ನಗುವೂ ಬಂತು. ಯಾರೋ ಕಲ್ಯಾಣದ ವಿಧುರ, ಪಾಪ, ನನ್ನಂಥ ಅಭಿಪ್ರಾಯವಿಲ್ಲದವಳನ್ನು ಹುಡುಕುತ್ತಿದ್ದಾನೆ.

೧೬ ಜುಲೈ

ಅಮ್ಮ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗೆಲ್ಲ ತಲೆ ಎತ್ತುತ್ತಾಳೆ. ಉಮಾವತಿ: "ಜಾತಕ ನೋಡಿಸ್ತಿರಬಹುದು. ತಡವಾದಷ್ಟೂ ಒಳ್ಳೆಯದು."

ಇಬ್ಬರನ್ನೂ ಯಾವುದಾದರೂ ವಿದೇಶಾಂಗ ಇಲಾಖೆಗೆ ಸೇರಿಸಬಹುದು. ಉತ್ತರ ಬಾರದಿರುವುದನ್ನೇ ಒಳ್ಳೆಯ ಉತ್ತರ ಅಂತ ಓದುತ್ತಾರೆ.

೨೨ ಆಗಸ್ಟ್, ಮಂಗಳವಾರ

ಎಂಥ ಮೂರ್ಖಳು ನಾನು.

ಗುಪ್ತೆ ಸರ್‌ಗೆ ದಿಲ್ಲಿಯ ಗೆಳೆಯರಿಂದ ಟ್ರಂಕ್ ಕಾಲ್. ನನ್ನ ಫೈಲು ನಿಂತಿದೆ. "ನೀವು ಹಾಂಗ್‌ಕಾಂಗ್ ಅಂತ ಬರೆದಿದ್ದೀರಿ. ಪಾಸ್‌ಪೋರ್ಟಿನಲ್ಲಿ ಸೀಲಿದೆ. ನಿಮ್ಮ ತಾಯಿ ಮಾತ್ರ ಎಲ್ಲಿಗೂ ಹೋಗಿಲ್ಲ ಅಂದಿದ್ದಾರೆ. ನೆರೆಮನೆಯವರೂ ಅಷ್ಟೆ. ರೇಡಿಯೋ ಇಲ್ಲ ಅಂದಿದ್ದಾರೆ, ಆದರೆ ಬಂದವನು ರೇಡಿಯೋ ನೋಡಿದ್ದಾನೆ. ಹೋಗಿದ್ದು ತಪ್ಪಲ್ಲ ಮ್ಯಾಡಮ್. ಮನೆಯವರು ಯಾಕೆ ಮುಚ್ಚಿಡ್ತಾರೆ, ಅಲ್ಲಿ ಏನು ನಡೆದಿತ್ತು — ಇದು ಅವರ ಪ್ರಶ್ನೆ."

ಇಸ್ತ್ರಿ ಶರ್ಟು. ರೆಕ್ಸಿನ್ ಬ್ಯಾಗು. ಯಾರ ಕಡೆಯವನು ಅಂತ ಹೇಳದವನು. ವೆರಿಫಿಕೇಶನ್ ಆಗುತ್ತೆ ಅಂತ ಗೊತ್ತಿತ್ತು, ಸಮಯವೂ ಹೊಂದುತ್ತಿತ್ತು. ಫೋಟೋದಲ್ಲಿ ಇಲ್ಲದ ನಾಲ್ಕು ಜನ ಕಾಣಿಸಿದರು, ಮನೆಗೆ ಬಂದು ಅವಲಕ್ಕಿ ತಿಂದು ಹೋದವನು ಕಾಣಿಸಲಿಲ್ಲ.

ದಿಲ್ಲಿಯವರ ಮೇಲೆ ಸಿಟ್ಟೂ ಇಲ್ಲ. ಒಂದು ಸರ್ಕಾರ ತನ್ನ ಮಂತ್ರಿಯ ಪ್ರವಾಸವನ್ನು ಅಲ್ಲಗಳೆದರೆ, ಪ್ರವಾಸದ ಸೀಲು ನನ್ನ ಕೈಯಲ್ಲಿದ್ದರೆ, ಏನೋ ಇದೆ ಅಂತಲೇ ನಾನೂ ಬರೆಯುತ್ತಿದ್ದೆ.

ಒಂದು ದಾರಿ ಉಂಟು. ಥಾಣೆಯ ಪೊಲೀಸ್ ಕಚೇರಿಯಲ್ಲಿ ಅಮ್ಮ ಇನ್ನೊಮ್ಮೆ ಹೇಳಿಕೆ ಕೊಡಬಹುದು. ಮಗಳು ಹಾಂಗ್‌ಕಾಂಗಿನಲ್ಲಿ ಓದುತ್ತಿದ್ದಳು, ಮದುವೆಯ ಸಂಬಂಧ ಅಂದುಕೊಂಡು ಬಚ್ಚಿಟ್ಟೆ — ಅಷ್ಟು ಹೇಳಿದರೆ ಸಾಕು ಅಂತ ಗುಪ್ತೆ ಸರ್. ತಾಯಿಯ ಬಾಯಿಂದಲೇ ಬರಬೇಕು. ನಾನು ಬರೆದುಕೊಟ್ಟರೆ ಆಗದು.

೨೩ ಆಗಸ್ಟ್

ಅಮ್ಮನಿಗೆ ಎಲ್ಲ ಹೇಳಿದೆ. ಬಂದವನು ಪೊಲೀಸಿನವನು ಅಂತ ಕೇಳಿ ಅಲ್ಲೇ ಕೂತಳು.

"ನಾನು ಒಳ್ಳೆದಕ್ಕೇ ಹೇಳಿದ್ದು ಮಗಾ."

"ಗೊತ್ತು ಅಮ್ಮ."

"ಒಬ್ಬಳೇ ಹುಡುಗಿ, ಕಡಲಾಚೆ, ಎರಡು ವರ್ಷ. ಜನ ಎಂತೆಲ್ಲ ಹೇಳ್ತಿದ್ರು? ನಿಂದು ಬಿಡು. ಜಯಲತಾಳನ್ನು ಯಾರು ಮಾಡ್ಕೊಳ್ತಿದ್ರು?"

ಅಮ್ಮನ ವಿದೇಶಾಂಗ ನೀತಿ ಇದು. ಹನ್ನೆರಡು ವರ್ಷ ಒಂದೇ ಮಾತು — ಊರಿನಲ್ಲಿ ಅಜ್ಜಿಯ ಜೊತೆ. ಅಪ್ಪ ನನ್ನನ್ನು ಹಡಗು ಹತ್ತಿಸಿ ಬಂದ ದಿನವೇ ಶುರು ಮಾಡಿದ್ದಳು. ನಾನು ತಿರುಗಿ ಬಂದ ಮೇಲೂ ನಿಲ್ಲಿಸಲಿಲ್ಲ. ಎಷ್ಟೆಂದರೆ ಮನೆಯೊಳಗೂ ಆ ಎರಡು ವರ್ಷದ ಮಾತೇ ಬರುವುದಿಲ್ಲ. ಹೇಗಿತ್ತು ಅಂತ ಯಾರೂ ಕೇಳಿಲ್ಲ. ಅಪ್ಪ ಕೇಳುತ್ತಿದ್ದರು, ವರಾಂಡದಲ್ಲಿ, ಸಣ್ಣ ದನಿಯಲ್ಲಿ. ಅವರು ಹೋಗಿ ಐದು ವರ್ಷ.

ಕೊನೆಗೆ ಅಮ್ಮ, "ಹೇಳ್ತೇನೆ. ನಿನ್ನ ದಿಲ್ಲಿ ಹಾಳಾಗೋದು ಬೇಡ" ಅಂದಳು. ಹಾಂಗ್‌ಕಾಂಗ್ ಅನ್ನುವ ಹೆಸರನ್ನು ಎರಡು ಸಲ ಬಾಯಲ್ಲಿ ಆಡಿ ನೋಡಿದಳು. ಸರಿಯಾಗಿಯೇ ಬಂತು.

೨೭ ಆಗಸ್ಟ್, ಭಾನುವಾರ

ಜಯಲತಾ ಕಲ್ಯಾಣದಿಂದ ಬಂದಿದ್ದಳು. ಮಗು ಹಿಂದಿಯಲ್ಲಿ ಅಜ್ಜಿಯ ಹತ್ತಿರ ಬಿಸ್ಕೆಟ್ ಕೇಳುತ್ತದೆ, ಅಜ್ಜಿ ತುಳುವಿನಲ್ಲಿ ಇಲ್ಲ ಅನ್ನುತ್ತಾಳೆ, ಆಮೇಲೆ ಕೊಡುತ್ತಾಳೆ.

ತಂಗಿಗೆ ವಿಷಯ ಹೇಳಿದೆ. ಮಗುವಿನ ಬಾಯಿ ಒರೆಸಿದಳು. ಆಮೇಲೆ, "ಹೇಳ್ಲಿ ಅಕ್ಕ. ಥಾಣೆ ಆಫೀಸಲ್ಲಿ ಹೇಳಿದ್ದು ಕಲ್ಯಾಣಕ್ಕೆ ಯಾಕೆ ಬರ್ತದೆ? ಕಿಟ್ಟಣ್ಣಂಗೆ ಮಾತ್ರ ಗೊತ್ತಾಗೋದು ಬೇಡ."

ಕಿಟ್ಟಣ್ಣ ನಮ್ಮ ಕಡೆಯವನು, ಥಾಣೆ ಸ್ಟೇಷನ್ ಹತ್ತಿರ ಹೊಟೇಲು. ೧೯೭೦ರಲ್ಲಿ ಊರಿಂದ ಬಂದವನು. ಜಯಲತಾಳ ಸಂಬಂಧ ಕುದುರಿಸಿದ್ದೇ ಅವನು. ದೊಡ್ಡ ಹುಡುಗಿ ಅಜ್ಜಿಯ ಚಾಕರಿ ಮಾಡಿದವಳು, ಎಂಥ ಮನೆತನ ನೋಡಿ ಅಂತ ಅಮ್ಮ ಹೇಳಿದ್ದನ್ನು ಕಲ್ಯಾಣದವರಿಗೆ ಮುಟ್ಟಿಸಿದವನು. ಮಾತು ಸುಳ್ಳಾದರೆ ಅವನ ಮುಖ ಹೋಗುತ್ತದೆ. ಜಯಲತಾಳ ಅತ್ತೆ ಇನ್ನೂ ಗಟ್ಟಿ ಇದ್ದಾಳೆ. ನಾಲಿಗೆ ಇನ್ನೂ ಗಟ್ಟಿ.

"ಬೇರೆ ರಸ್ತೆಯಿಂದ ಹೋಗ್ತೇವೆ" ಅಂದೆ.

೪ ಸೆಪ್ಟೆಂಬರ್, ಸೋಮವಾರ

ಬರೆದು ಮುಗಿಸಿಬಿಡುತ್ತೇನೆ.

ಥಾಣೆಯಲ್ಲಿ ಇಳಿದು ಹೊಟೇಲಿನ ಕಡೆ ಹೋಗದೆ ಇನ್ನೊಂದು ಬದಿಯಿಂದ ಹೊರಟೆವು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು, ಪೊಲೀಸರಿಗೆ ಮರ್ಯಾದೆ. ತರಕಾರಿ ಮಾರ್ಕೆಟ್ ದಾಟುವಾಗ ಹಿಂದಿನಿಂದ ದನಿ — "ಅಕ್ಕಾ! ಎಂತ ಇಲ್ಲಿ?" ಕಿಟ್ಟಣ್ಣ. ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ.

ನನಗೆ ಸುಳ್ಳು ಹೊಳೆಯಲಿಲ್ಲ. ಒಂದು ಸಹಿ ಹಾಕಲಿಕ್ಕಿದೆ, ಪೊಲೀಸ್ ಆಫೀಸಿಗೆ ಹೋಗಬೇಕು ಅಂದೆ.

"ಪೊಲೀಸ್ ಆಫೀಸಾ? ಹೆಂಗಸರು ಇಬ್ಬರೇ? ಅಲ್ಲಿ ಚಹಾ ಹೋಗೋದೇ ನಮ್ಮ ಹೊಟೇಲಿಂದ. ನಡೀರಿ, ನಾನಿದ್ದೇನೆ."

ಬೇಡ ಅಂದೆ. ಎರಡು ಸಲ ಅಂದೆ. ಮೂರನೇ ಸಲ ಅಂದರೆ ಯಾಕೆ ಬೇಡ ಅಂತ ಕೇಳುವಂತಾಗುತ್ತಿತ್ತು. ಕೊತ್ತಂಬರಿ ಸಮೇತ ಬಂದ. ಒಳ್ಳೆಯ ಮನುಷ್ಯ.

ಆಫೀಸರ್ ಕನ್ನಡಕದವರು, ಮೆದು ಮಾತು. "ಯಾ ಶೇಠ್" ಅಂತ ಬರಮಾಡಿ ಕಿಟ್ಟಣ್ಣನಿಗೆ ಕುರ್ಚಿ ಕೊಟ್ಟರು. ಅಮ್ಮನಿಗೆ ತರಕಾರಿ ಮಾರುವ ಭಾಜಿವಾಲಿಯ ಜೊತೆ ಜಗಳವಾಡುವಷ್ಟು ಮರಾಠಿ ಇದೆ. ಅಲ್ಲಿ ಒಂದು ಅಕ್ಷರ ಹೊರಡಲಿಲ್ಲ. "ತುಮ್ಹೀಚ್ ಸಾಂಗಾ" ಅಂದರು ನನಗೆ, ನೀವೇ ಹೇಳಿ ಅಂತ. ನಾನೇ ದುಭಾಷಿ.

ಅರವತ್ತಾರರಿಂದ ಅರವತ್ತೆಂಟರವರೆಗೆ ಮಗಳು ಎಲ್ಲಿದ್ದಳು? ಕೇಳಿದರು. ಅಮ್ಮನಿಗೆ ತುಳುವಿನಲ್ಲಿ ಕೇಳಿದೆ.

ಅಮ್ಮ ನನ್ನನ್ನು ನೋಡಿದಳು. ಕಿಟ್ಟಣ್ಣನನ್ನು ನೋಡಿದಳು. ಅವನು ಚಹಾ ಸಾಸರಿಗೆ ಬಗ್ಗಿಸುತ್ತಿದ್ದ.

"ಊರುಡೇ" ಅಂದಳು. ಊರಲ್ಲೇ.

ಫ್ಯಾನು ತಿರುಗುತ್ತಿತ್ತು. ಆಫೀಸರ್ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. ಏನಂತಾರೆ?

ಹಾಂಗ್‌ಕಾಂಗ್ ಅಂದರೆ ಮುಗಿಯುತ್ತಿತ್ತು. ಅವರಿಗೆ ತುಳು ಬಾರದು. ಅಮ್ಮ ತಡೆಯುತ್ತಿರಲಿಲ್ಲ, ತಡೆಯಲಾರದವಳಂತೆ ಕೂತಿದ್ದಳು. ಎರಡೂ ಭಾಷೆ ಬರುವವನು ಕಿಟ್ಟಣ್ಣ ಒಬ್ಬ.

"ಗಾವಾಲಾ ಹೋತೀ ಮ್ಹಣತೇ" ಅಂದೆ. ಊರಲ್ಲಿದ್ದಳು ಅನ್ನುತ್ತಾಳೆ.

ಅವರು ಒಂದು ಕ್ಷಣ ಕನ್ನಡಕದ ಮೇಲಿಂದ ನೋಡಿದರು. ಬರೆದುಕೊಂಡರು. ಅಮ್ಮ ಕನ್ನಡದಲ್ಲಿ ಸಹಿ ಹಾಕಿದಳು.

ಯಾಕೆ ಹಾಗೆ ಹೇಳಿದೆ? ಇನ್ನೊಬ್ಬರ ಮಾತನ್ನು ತಿರುಚಿ ಅಭ್ಯಾಸವಿಲ್ಲ ಅಂತ ಬರೆದರೆ ದೊಡ್ಡ ಮಾತಾಗುತ್ತದೆ. ಅಮ್ಮ ಆ ರೇಷ್ಮೆ ಸೀರೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು. ಅದೂ ಇರಬಹುದು. ಯೋಚಿಸಿ ಹೇಳಿದ್ದಲ್ಲ.

ಕಿಟ್ಟಣ್ಣ ಹೊಟೇಲಿಗೆ ಕರೆದುಕೊಂಡು ಹೋಗಿ ನೀರುದೋಸೆ ಕೊಟ್ಟ. ತಿಂದೆವು. ವಾಪಸು ಗಾಡಿಯಲ್ಲಿ ಮುಂಬ್ರಾ ದಾಟಿದ ಮೇಲೆ ಅಮ್ಮ ಬಾಯಿ ಬಿಟ್ಟಳು.

"ಕಿಟ್ಟಣ್ಣ ಇದ್ದನಲ್ಲ."

"ಗೊತ್ತಮ್ಮ."

೫ ಸೆಪ್ಟೆಂಬರ್

ರೇಡಿಯೋ. ಆಫೀಸು. ಏನಿಲ್ಲ.

೩೦ ಅಕ್ಟೋಬರ್, ಸೋಮವಾರ

ದಿಲ್ಲಿಯಲ್ಲಿ ಬೇರೆಯವರನ್ನು ತೆಗೆದುಕೊಂಡರು. ಅಲ್ಲಿಯವರೇ ಒಬ್ಬರು. ಚೀನೀ ಬರುವುದಿಲ್ಲ, ಇಂಗ್ಲಿಷಿನಲ್ಲಿ ಓದುತ್ತಾರೆ. ಹೆಸರಿರುವ ವಿದ್ವಾಂಸರು, ಕೆಟ್ಟವರಲ್ಲ. ಗುಪ್ತೆ ಸರ್ ಬಾಗಿಲು ತೆರೆದೇ ಹೇಳಿದರು.

ದುಃಖವಾಯಿತು. ಬರೆದಿಡುತ್ತೇನೆ, ಇಲ್ಲದಿದ್ದರೆ ದುಃಖವೇ ಆಗಲಿಲ್ಲ ಅಂತ ಮುಂದೆ ಹೇಳಿಕೊಂಡೇನು. ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳೋಣವೆಂದರೆ ನೀರಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ.

ಅಮ್ಮನಿಗೆ "ಆಗಲಿಲ್ಲ" ಅಂದೆ. ಅಪ್ಪನ ಸ್ವೆಟರನ್ನು ಟ್ರಂಕಿಗೆ ಹಾಕಿ, ಹುಳ ಹಿಡಿಯದ ಹಾಗೆ ಗುಳಿಗೆ ಇಟ್ಟಳು.

೨೧ ಡಿಸೆಂಬರ್

ವಿಯೆಟ್ನಾಂ ಗಡಿಯ ಬಗ್ಗೆ ನೋಟ್ ಬರೆದೆ. ಪೀಕಿಂಗಿನ ಭಾಷೆ ಬಿಗಿಯಾಗುತ್ತಿದೆ. ಅರವತ್ತೆರಡರ ಯುದ್ಧಕ್ಕೆ ಮೊದಲು ನಮಗೆ ಆಡಿದ ಮಾತುಗಳೇ. ಮಾರ್ಚ್ ಒಳಗೆ ಏನಾದರೂ ಮಾಡುತ್ತಾರೆ ಅಂದಿದ್ದೇನೆ. ಕೆಳಗೆ ಸಂಸ್ಥೆಯ ಹೆಸರು.

೧೮ ಫೆಬ್ರವರಿ ೧೯೭೯, ಭಾನುವಾರ

ಮಾಡಿದರು. ನಿನ್ನೆ ಚೀನಾದ ಸೈನ್ಯ ವಿಯೆಟ್ನಾಂ ಒಳಗೆ. ನಮ್ಮ ವಿದೇಶಾಂಗ ಮಂತ್ರಿಗಳು ಚೀನಾದಲ್ಲೇ ಇರುವಾಗ. ಇಡೀ ಬೆಳಿಗ್ಗೆ ರೇಡಿಯೋಗೆ ಕಿವಿ ಕೊಟ್ಟು ಕೂತೆ. ಸರಿಯಾಗಿ ಊಹಿಸಿದ್ದೆ ಅಂತ ಹೇಳಿಕೊಳ್ಳಲು ಯಾರೂ ಇಲ್ಲ. ಸಾಬವ್ವನಿಗೆ ಹೇಳಿದೆ. "ಹಂಗಾದ್ರ ಸೀಮಿಎಣ್ಣಿ ತುಟ್ಟಿ ಆಗ್ತದೇನ್ರೀ?" ಅಂದಳು. ದಿಲ್ಲಿಯಲ್ಲೂ ಇಂದು ಇದಕ್ಕಿಂತ ಒಳ್ಳೆಯ ಪ್ರಶ್ನೆ ಹುಟ್ಟಿರಲಿಕ್ಕಿಲ್ಲ.

ಸಂಜೆ ಕಿಟ್ಟಣ್ಣ ಬಂದ. ಬನ್ಸ್ ಪೊಟ್ಟಣ, ಇವತ್ತಿನ ಪೇಪರು. ಉಮಾವತಿಯೂ ಬಂದು ಬಾಗಿಲಿಗೆ ಒರಗಿದಳು. ಯುದ್ಧದ ಮಾತು. ಯಾರದು ತಪ್ಪು, ರಷ್ಯಾ ಏನು ಮಾಡುತ್ತೆ. ತಿಳಿದದ್ದು ಹೇಳಿದೆ.

ಕಿಟ್ಟಣ್ಣ ತಲೆದೂಗಿ, "ಇವಳಿಗೆ ಇದೆಲ್ಲ ಹೇಗೆ ತಿಳೀತದೆ ಅಕ್ಕ?" ಅಂದ. ಸುಮ್ಮನೆ ಹೊಗಳಿಕೆಗೆ ಅಂದದ್ದು.

ಅಮ್ಮ ಬನ್ಸ್ ತಟ್ಟೆಗೆ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಅವಳು ಎರಡು ವರ್ಷ ಹಾಂಗ್‌ಕಾಂಗಿನಲ್ಲಿ ಇದ್ದವಳಲ್ವಾ. ಒಬ್ಬಳೇ. ಅಜ್ಜಿ ಚಾಕರಿ ಎಂತದೂ ಇಲ್ಲ. ನಾನು ಸುಳ್ಳು ಹೇಳಿದ್ದು ಕಿಟ್ಟಣ್ಣ. ಥಾಣೆಯಲ್ಲೂ ಹೇಳಿದೆ. ಇವಳ ದಿಲ್ಲಿ ಕೆಲಸ ಹೋಯ್ತು."

ಉಮಾವತಿ ಬಾಗಿಲು ಬಿಟ್ಟು ನೆಟ್ಟಗಾದಳು.

ಕಿಟ್ಟಣ್ಣನ ಮುಖದಲ್ಲಿ ಆಶ್ಚರ್ಯ ಹುಡುಕಿದೆ. ಇರಲಿಲ್ಲ. ಸಂಕಟ ಇತ್ತು.

"ನಂಗೆ ಗೊತ್ತುಂಟು ಅಕ್ಕ. ಜಯಲತಾಳ ಮಾತ್ಕತೆ ವೇಳೆ ಭಾವನವರೇ, ಇವಳ ಅಪ್ಪ, ನನ್ನನ್ನು ಹೊರಗೆ ಕರ್ಕೊಂಡು ಹೋಗಿ ಹೇಳಿದ್ರು. ಸುಳ್ಳಿನ ಮೇಲೆ ಮದುವೆ ಬೇಡ ಅಂತ. ಕಲ್ಯಾಣದವರಿಗೂ ನಾನು ಹೇಳಿದ್ದೆ. ಹುಡುಗಿ ಓದಿದ್ದಾಳೆ, ಅದಕ್ಕೆಂತ ಅಂದ್ರು ಅವರು."

"ಜಯಲತಾಳ ಅತ್ತೆಗೂ ಗೊತ್ತಾ?" ನಾನು ಕೇಳಿದೆ.

"ಆವತ್ತಿಂದ ಗೊತ್ತು."

"ಮತ್ತೆ ಆವತ್ತು ಥಾಣೆಯಲ್ಲಿ..." ಅಮ್ಮ ಬನ್ಸ್ ತಟ್ಟೆ ಕೆಳಗಿಟ್ಟಳು.

"ನೀವು ಊರಲ್ಲೇ ಅಂದ್ರಿ. ಮಗಳೂ ಹಾಗೇ ಹೇಳಿದಳು. ಮನೆಯವರ ಮಾತಿನ ಮೇಲೆ ನಾನು ಮಾತಾಡೋದಾ? ಏನೋ ಕಾರಣ ಇರ್ತದೆ ಅಂದ್ಕೊಂಡೆ. ಕೆಲಸದ ವಿಷಯ ನನಗೆ ತಿಳೀಲಿಲ್ಲ ಅಕ್ಕ."

ಯಾರೂ ಬನ್ಸ್ ಮುಟ್ಟಲಿಲ್ಲ. ಉಮಾವತಿ ಮಾತ್ರ ಒಂದು ತೆಗೆದುಕೊಂಡಳು, ಕೈಗೆ ಏನಾದರೂ ಬೇಕಲ್ಲ ಅಂತ. ಕಿಟ್ಟಣ್ಣ ಕತ್ತಲಾಗುವ ಮೊದಲೇ ಹೊರಟ.

ನನಗೆ ಏನನ್ನಿಸಿತು? ಥಾಣೆಯ ಆ ಕೋಣೆಯಲ್ಲಿ ನಮ್ಮ ಮೂವರಿಗೂ ನಿಜ ಗೊತ್ತಿತ್ತು. ಮೂವರೂ ಇನ್ನೊಬ್ಬರಿಗಾಗಿ ಮುಚ್ಚಿಟ್ಟೆವು. ಗೊತ್ತಿಲ್ಲದವರು ಆಫೀಸರ್ ಒಬ್ಬರೇ, ಅವರಿಗೇ ಹೇಳಬೇಕಿತ್ತು. ಅಪ್ಪನ ಮೇಲೆ ಸಿಟ್ಟು ಬಂತು, ನನಗಾದರೂ ಒಂದು ಮಾತು ಹೇಳಬಹುದಿತ್ತು. ಆಮೇಲೆ ಅದೂ ಹೋಯಿತು.

ಅಡುಗೆಮನೆಗೆ ಹೋದೆ. ಅಮ್ಮ ಲೈಟು ಹಾಕಿರಲಿಲ್ಲ. ನಾನು ಹಾಕಿದೆ. ಬಹಳ ಹೊತ್ತು ಅಕ್ಕಿ ತೊಳೆಯುತ್ತಲೇ ಇದ್ದಳು. ಆಮೇಲೆ ಕೇಳಿದಳು,

"ಅಲ್ಲಿ ಊಟಕ್ಕೆ ಎಂತ ಮಾಡ್ತಿದ್ದಿ?"

ನಾನು ಬಂದು ಹತ್ತು ವರ್ಷ ಮೇಲಾಯಿತು. ಇವತ್ತು ಕೇಳಿದಳು.

ಹೇಳಿದೆ. ಕೋಣೆಯ ಕೆಳಗೇ ಒಂದು ಗಂಜಿ ಅಂಗಡಿ, ಬೆಳಿಗ್ಗೆ ಅಲ್ಲೇ. ಅವರೂ ಗಂಜಿ ಉಣ್ಣುತ್ತಾರೆ ಅಂದದ್ದನ್ನು ಅಮ್ಮ ನಂಬಲಿಲ್ಲ. ನಮ್ಮ ಹಾಗಾ? ಇನ್ನೂ ತೆಳ್ಳಗೆ. ನೆಂಚಿಕೊಳ್ಳಲು? ಉಪ್ಪಿನಲ್ಲಿಟ್ಟ ಮೊಟ್ಟೆ, ಒಣಮೀನು. ಮಳೆ ಬರುತ್ತಾ? ಮಾರಾಟ ಮಾಡುವವರು ಯಾರು? ಒಬ್ಬಳು ಮುದುಕಿ, ಮೊದಲ ದಿನ ನನ್ನ ಚೀನೀ ಕೇಳಿ —

ಅಮ್ಮ ಒಳಗಿನಿಂದ ಕರೆಯುತ್ತಿದ್ದಾಳೆ. ಆ ಮುದುಕಿ ಏನಂದಳು ಅಂತ ಕೇಳುತ್ತಿದ್ದಾಳೆ.